ಕೊಕ್ಕೆ ಮೂಳೆಯ ಮೇಲಿನ ದೂರು

ಚನ್ನರಾಯಪಟ್ಟಣ ತಾಲ್ಲೂಕಿನ ದಂಡಿಗನಹಳ್ಳಿ ಹೋಬಳಿಯಲ್ಲಿ ತೆಂಗಿನ ಕೆಲಸ ಎಂದರೆ ಕೈ ಮೇಲೆತ್ತುವ ಕೆಲಸ. ಉದ್ದನೆಯ ಬಿದಿರು ಗಳದ ತುದಿಗೆ ಕುಡುಗೋಲು ಬಿಗಿದು, ಕತ್ತು ಹಿಂದಕ್ಕೆ ಹಾಕಿ, ಗೊನೆಯ ಬುಡಕ್ಕೆ ಗುರಿ ಹಿಡಿದು ಎಳೆಯಬೇಕು. ಗಾಳಿಗೆ ಗಳ ಓಲಾಡುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿಕೊಳ್ಳುವುದೇ ಅರ್ಧ ಕೆಲಸ. ಕೆಡವಿದ ಕಾಯಲ್ಲಿ ಕೊಬ್ಬರಿಗೆಂದು ಆರಿಸಿದ್ದನ್ನು ಅಟ್ಟಕ್ಕೆ ಏರಿಸಬೇಕು, ತಿಂಗಳುಗಟ್ಟಲೆ ಒಣಗಿದ ಮೇಲೆ ಇಳಿಸಬೇಕು. ಅತ್ತ ಅರಕಲಗೂಡಿನ ರಾಮನಾಥಪುರದ ಕಡೆ ಹೋದರೆ ಹೊಗೆಸೊಪ್ಪು ಒಣಗಿಸುವ ಬ್ಯಾರನ್‌ಗಳು. ಹಸಿ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಕೆಳಗಿನವನು ಮೇಲಿನವನಿಗೆ ಎತ್ತಿಕೊಡುತ್ತ, ಅಂತಸ್ತಿನ ಮೇಲೆ ಅಂತಸ್ತಾಗಿ ತೂಗುಹಾಕಬೇಕು. ಇತ್ತ ಶ್ರವಣಬೆಳಗೊಳದಲ್ಲಿ, ವಿಂಧ್ಯಗಿರಿಯ 600ಕ್ಕೂ ಹೆಚ್ಚು ಮೆಟ್ಟಿಲು ಹತ್ತಲಾರದವರನ್ನು ಡೋಲಿಯಲ್ಲಿ ಕೂರಿಸಿ ಹೊತ್ತು ತರುವವರಿದ್ದಾರೆ.

ಇಂಥ ಸೀಮೆಯಲ್ಲಿ ಹೆಗಲು ನೋಯುವುದು ಸುದ್ದಿಯಲ್ಲ. ನಲವತ್ತೈದು ಐವತ್ತು ದಾಟಿದ ಯಾರನ್ನಾದರೂ ಕೇಳಿ: 'ರಟ್ಟೆ ಸೇದ್ತದೆ, ಕೈ ಎತ್ತಕ್ಕೆ ಆಗಲ್ಲ, ಆ ಮಗ್ಗುಲಿಗೆ ಮಲಗಂಗಿಲ್ಲ' ಎನ್ನುತ್ತಾರೆ. ಹೇಳುತ್ತ ಹೇಳುತ್ತ ಅವರು ಸವರಿ ತೋರಿಸುವುದು ಹೆಗಲಿನ ತುದಿಯನ್ನಲ್ಲ, ಅದಕ್ಕಿಂತ ನಾಲ್ಕು ಬೆರಳು ಕೆಳಗಿನ ರಟ್ಟೆಯನ್ನು. ಅದು ಅವರ ತಪ್ಪಲ್ಲ. ಹೆಗಲ ಕೀಲಿನೊಳಗಿನ ನೋವು ಮೂಲದಲ್ಲಿ ಕಾಣಿಸಿಕೊಳ್ಳದೆ ರಟ್ಟೆಗೆ ಇಳಿದು ಕಾಣಿಸಿಕೊಳ್ಳುವುದು ಅದರ ಗುಣ. ಹಾಸನದ ವೈದ್ಯಕೀಯ ವಿಜ್ಞಾನ ಸಂಸ್ಥೆಗೋ ಬೆಳ್ಳೂರಿನ ಆದಿಚುಂಚನಗಿರಿ ಆಸ್ಪತ್ರೆಗೋ ಹೋದರೆ ವೈದ್ಯರು ಎಕ್ಸ್‌ರೇ ಬರೆದುಕೊಡಬಹುದು. ವರದಿಯಲ್ಲಿ ಕೆಲವೊಮ್ಮೆ ಒಂದು ಸಾಲು ಇರುತ್ತದೆ: ಅಕ್ರೋಮಿಯನ್ ಎರಡನೇ ಬಗೆ, ಅಥವಾ ಮೂರನೇ ಬಗೆ. ಮೂರನೇ ಬಗೆ ಎಂದರೆ ಕೊಕ್ಕೆಯಂತೆ ಬಾಗಿದ ಮೂಳೆ. ರೋಗಿಗೆ ಅಷ್ಟು ಸಾಕು. ಊರಿಗೆ ಬಂದು 'ನನ್ನ ಮೂಳೆಯೇ ಸೊಟ್ಟಗಿದೆಯಂತೆ' ಎಂದು ಹೇಳಿಕೊಂಡು, ಮಾತ್ರೆ ನುಂಗಿ ಸುಮ್ಮನಾಗುತ್ತಾನೆ.

ಆ ಸಾಲಿಗೆ ಎಷ್ಟು ಬೆಲೆ ಕೊಡಬೇಕು ಎನ್ನುವುದೇ ಈ ಅಧ್ಯಾಯದ ವಿಷಯ.

ಮೊದಲು ಕೀಲನ್ನೇ ನೋಡೋಣ. ಬೆನ್ನಿನ ಮೇಲ್ಭಾಗದಲ್ಲಿ ಎರಡೂ ಕಡೆ ತ್ರಿಕೋನಾಕಾರದ ಚಪ್ಪಟೆ ಹೆಗಲಮೂಳೆಗಳಿವೆ. ವೈದ್ಯರ ಬಾಯಲ್ಲಿ ಅದು ಸ್ಕಾಪುಲಾ. ಅದರ ಹೊರ ಅಂಚಿನಲ್ಲಿ ಗ್ಲೀನಾಯ್ಡ್ ಎಂಬ ಸಣ್ಣ, ಆಳವಿಲ್ಲದ ಕುಳಿ. ತೋಳಿನ ಮೂಳೆಯ ದುಂಡು ತಲೆ ಅದಕ್ಕೆ ಆತುಕೊಂಡಿರುತ್ತದೆ. ಸೊಂಟದ ಕೀಲಿನಲ್ಲಿ ತೊಡೆಮೂಳೆಯ ತಲೆ ಆಳವಾದ ಬಟ್ಟಲಿನಲ್ಲಿ ಹೂತು ಕುಳಿತಿರುವಂತೆ ಇಲ್ಲಿಲ್ಲ. ಶಾಲೆಯ ಕ್ರೀಡಾದಿನ ಮಕ್ಕಳು ಚಮಚದ ಮೇಲೆ ನಿಂಬೆಹಣ್ಣು ಇಟ್ಟುಕೊಂಡು ಓಡುತ್ತಾರಲ್ಲ, ಹೆಚ್ಚುಕಡಿಮೆ ಅಂಥ ಸ್ಥಿತಿ. ಯಾವುದೇ ಕ್ಷಣದಲ್ಲಿ ತಲೆಯ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಭಾಗ ಕುಳಿಗೆ ತಾಗಿರುವುದಿಲ್ಲ. ಕೈಯನ್ನು ಬೆನ್ನ ಹಿಂದಕ್ಕೂ ತಲೆಯ ಮೇಲಕ್ಕೂ ಒಯ್ಯುವ ಸ್ವಾತಂತ್ರ್ಯ ನಮಗೆ ಸಿಕ್ಕಿರುವುದು ಈ ಸಡಿಲದಿಂದಲೇ.

ನಿಂಬೆಹಣ್ಣು ಬೀಳದಂತೆ ಹಿಡಿಯುವುದು ನಾಲ್ಕು ಸ್ನಾಯುಗಳ ಕೆಲಸ. ಹೆಗಲಮೂಳೆಯಿಂದ ಹೊರಟು ತೋಳಿನ ತಲೆಯನ್ನು ಮುಂದಿನಿಂದ, ಮೇಲಿನಿಂದ, ಹಿಂದಿನಿಂದ ತಬ್ಬಿಕೊಳ್ಳುವ ಇವುಗಳ ಸ್ನಾಯುರಜ್ಜುಗಳು ಒಂದರೊಳಗೊಂದು ಬೆರೆತು ಪಟ್ಟಿಯಾಗುತ್ತವೆ. ಅದಕ್ಕೆ ರೊಟೇಟರ್ ಕಫ್ ಎಂದು ಹೆಸರು. ನಾಲ್ಕರಲ್ಲಿ ಮೇಲ್ಗಡೆಯದು ಸುಪ್ರಾಸ್ಪೈನೇಟಸ್. ಹೆಗಲ ಕತೆಯಲ್ಲಿ ಅತಿ ಹೆಚ್ಚು ಏಟು ತಿನ್ನುವುದು ಇದೇ. ಅದರ ನೆತ್ತಿಯ ಮೇಲೆ, ಹೆಗಲಮೂಳೆಯಿಂದಲೇ ಹೊರಟು ಮುಂದಕ್ಕೆ ಬರುವ ಮೂಳೆಯ ಚಾಚು ಒಂದಿದೆ. ಹೆಗಲ ತುದಿಯಲ್ಲಿ ಬೆರಳಿಟ್ಟರೆ ಗಟ್ಟಿಯಾಗಿ ಸಿಗುತ್ತದಲ್ಲ, ಅದೇ ಅಕ್ರೋಮಿಯನ್. ಚಾಚಿಗೂ ತೋಳಿನ ತಲೆಗೂ ನಡುವೆ ಉಳಿಯುವ ಸಂದು ಸುಮಾರು 1 ಸೆಂಟಿಮೀಟರ್. ಸುಪ್ರಾಸ್ಪೈನೇಟಸ್‌ನ ಸ್ನಾಯುರಜ್ಜು, ಅದರ ಮೇಲೆ ಜಾರಿಕೆಗೆಂದು ಇರುವ ಬರ್ಸಾ ಎಂಬ ತೆಳು ಚೀಲ, ಎರಡೂ ಅಷ್ಟರೊಳಗೇ ಓಡಾಡಬೇಕು.

ಇಷ್ಟು ತಿಳಿದವನಿಗೆ ಥಟ್ಟನೆ ಹೊಳೆಯುವುದೇನು? ಚಾಚು ಕೆಳಮುಖವಾಗಿ ಬಾಗಿದ್ದರೆ ಸಂದು ಕಿರಿದಾಗುತ್ತದೆ, ಕೈ ಎತ್ತಿದಾಗಲೆಲ್ಲ ಸ್ನಾಯುರಜ್ಜು ಮೂಳೆಗೆ ಉಜ್ಜುತ್ತದೆ, ಉಜ್ಜಿ ಉಜ್ಜಿ ನವೆದು ಹರಿಯುತ್ತದೆ. ನ್ಯೂಯಾರ್ಕಿನ ಮೂಳೆತಜ್ಞ ಚಾರ್ಲ್ಸ್ ನೀಯರ್‌ಗೂ ಹೊಳೆದದ್ದು ಇದೇ. 1972ರಲ್ಲಿ ಅವರು ಇದಕ್ಕೆ ಇಂಪಿಂಜ್‌ಮೆಂಟ್ ಎಂದು ಹೆಸರಿಟ್ಟು, ಚಾಚಿನ ಮುಂತುದಿಯ ಕೆಳಭಾಗವನ್ನು ಕೆತ್ತಿ ತೆಗೆಯುವ ಶಸ್ತ್ರಚಿಕಿತ್ಸೆಯನ್ನೂ ವಿವರಿಸಿದರು. 1983ರ ಹೊತ್ತಿಗೆ ರೊಟೇಟರ್ ಕಫ್ ಹರುಕುಗಳಲ್ಲಿ ಶೇ 95ಕ್ಕೆ ಈ ಉಜ್ಜಾಟವೇ ಕಾರಣ ಎನ್ನುವಷ್ಟು ಅವರಿಗೆ ಖಾತರಿಯಾಗಿತ್ತು.

1986ರಲ್ಲಿ ಲೂಯಿ ಬಿಗ್ಲಿಯಾನಿ ಮತ್ತು ಸಂಗಡಿಗರು ಇದಕ್ಕೆ ಅಂಕಿಗಳನ್ನು ಜೋಡಿಸಿದರು. 71 ಶವಗಳ 140 ಹೆಗಲುಗಳನ್ನು ಬಿಡಿಸಿ ನೋಡಿ ಅಕ್ರೋಮಿಯನ್ನಿನ ಆಕಾರವನ್ನು ಮೂರಾಗಿ ವಿಂಗಡಿಸಿದರು. ಮೊದಲ ಬಗೆಯದು ಚಪ್ಪಟೆ, ಶೇ 17. ಎರಡನೆಯದು ಬಾಗಿದ್ದು, ಶೇ 43. ಮೂರನೆಯದು ಕೊಕ್ಕೆ, ಶೇ 39. ಮೂರರಲ್ಲೊಂದು ಪಾಲು ಹೆಗಲುಗಳಲ್ಲಿ ಸ್ನಾಯುರಜ್ಜು ಪೂರ್ತಿ ಹರಿದಿತ್ತು; ಹಾಗೆ ಹರಿದವುಗಳಲ್ಲಿ ಶೇ 73 ಕೊಕ್ಕೆ ಮೂಳೆಯವು, ಚಪ್ಪಟೆ ಮೂಳೆಯವು ಬರೀ ಶೇ 3. ಅಪರಾಧಿ ಸಿಕ್ಕಿಬಿದ್ದಂತೆಯೇ ಕಾಣುತ್ತದೆ. ಅಲ್ಲಿಂದ ಮುಂದೆ ಈ ಮೂರು ಬಗೆ ಪ್ರಪಂಚದ ಎಲ್ಲ ಪಠ್ಯಪುಸ್ತಕಗಳಿಗೂ ಇಳಿದವು. ನಮ್ಮ ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗಗಳಲ್ಲೂ ಪೆಟ್ಟಿಗೆಯಲ್ಲಿಟ್ಟ ಒಣ ಹೆಗಲಮೂಳೆಗಳನ್ನು ತೆಗೆದು ಅಳೆಯುವುದು ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಒಗ್ಗಿದ ಕೆಲಸ. ಭಾರತದ ಅನೇಕ ಅಳತೆಗಳಲ್ಲೂ ಎರಡನೇ ಬಗೆಯದೇ ಮೇಲುಗೈ. ಆದರೆ ಆ ಪೆಟ್ಟಿಗೆಯ ಮೂಳೆಗೆ ಸಾಮಾನ್ಯವಾಗಿ ವಯಸ್ಸು ಗೊತ್ತಿರುವುದಿಲ್ಲ, ಹೆಣ್ಣೋ ಗಂಡೋ ಗೊತ್ತಿರುವುದಿಲ್ಲ, ಅದು ಬದುಕಿನುದ್ದಕ್ಕೂ ಲೆಕ್ಕ ಬರೆಯಿತೋ ಗಳ ಹಿಡಿಯಿತೋ ಗೊತ್ತಿರುವುದಿಲ್ಲ. ನೋವಿತ್ತೇ ಎಂದು ಕೇಳುವುದಂತೂ ಯಾರನ್ನು?

ಬಿಗ್ಲಿಯಾನಿಯವರ ಲೆಕ್ಕದಲ್ಲೂ ಇದೇ ತೊಡಕಿದೆ. ಕೊಕ್ಕೆಯೂ ಹರುಕೂ ಒಂದೇ ಹೆಗಲಿನಲ್ಲಿ ಸಿಕ್ಕವು, ಸರಿ. ಕೊಕ್ಕೆಯಿಂದ ಹರಿಯಿತೋ, ಹರಿದ ಮೇಲೆ ಕೊಕ್ಕೆ ಬೆಳೆಯಿತೋ, ಇಲ್ಲ ವಯಸ್ಸಾದಂತೆ ಎರಡೂ ತಮ್ಮ ಪಾಡಿಗೆ ತಾವು ಬಂದವೋ? 1996ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನ ವಸ್ತುಸಂಗ್ರಹಾಲಯದಲ್ಲಿ, ವಯಸ್ಸು ಗೊತ್ತಿದ್ದ 420 ಹೆಗಲಮೂಳೆಗಳನ್ನು ಪರೀಕ್ಷಿಸಿದಾಗ ಒಂದು ಎಳೆ ಬಿಡಿಸಿಕೊಂಡಿತು. ಚಾಚಿನ ಮೂಲ ಬಾಗು ವಯಸ್ಸಿನೊಂದಿಗೆ ಬದಲಾಗುವುದಿಲ್ಲ, ಅದು ಹುಟ್ಟಿನ ಬಳುವಳಿ. ಆದರೆ ಅದರ ಮುಂತುದಿಯಲ್ಲಿ, ಕೆಳಗಿನ ಕಟ್ಟುನಾರು ಅಂಟಿಕೊಳ್ಳುವ ಜಾಗದಲ್ಲಿ, ಮುಳ್ಳಿನಂತೆ ಚಾಚುವ ಹೆಚ್ಚುವರಿ ಮೂಳೆ ಬೇರೆಯೇ. ಅದು 50ರ ಒಳಗಿನವರಲ್ಲಿ ಶೇ 7ರಷ್ಟು, 50 ದಾಟಿದವರಲ್ಲಿ ಶೇ 30ರಷ್ಟು. ಎಕ್ಸ್‌ರೇಯಲ್ಲಿ 'ಕೊಕ್ಕೆ' ಎಂದು ಕಾಣುವುದರಲ್ಲಿ ಒಂದಷ್ಟು ಪಾಲು ಈ ಮುಳ್ಳು. ಅಂದರೆ ಕಟ್ಟುನಾರು ವರ್ಷಾನುಗಟ್ಟಲೆ ಜಗ್ಗಿಸಿಕೊಂಡದ್ದರ ಫಲ, ಕಾರಣವಲ್ಲ, ಗುರುತು.

ಇನ್ನೊಂದು ಸಾಕ್ಷ್ಯ ನನಗೆ ಎಲ್ಲಕ್ಕಿಂತ ರುಚಿಸುತ್ತದೆ, ಏಕೆಂದರೆ ಅದಕ್ಕೆ ಯಂತ್ರ ಬೇಡ, ಪತ್ತೇದಾರನ ಬುದ್ಧಿ ಸಾಕು. ಮೂಳೆ ಮೇಲಿನಿಂದ ಉಜ್ಜುವುದಾದರೆ ಸ್ನಾಯುರಜ್ಜು ಮೇಲ್ಮೈಯಿಂದ ಸವೆಯಬೇಕು. ಅರ್ಧಂಬರ್ಧ ಹರಿದ ಸ್ನಾಯುರಜ್ಜುಗಳನ್ನು ನೋಡಿದರೆ ಹೆಚ್ಚಿನವು ಹರಿದಿರುವುದು ಕೆಳಮೈಯಲ್ಲಿ, ಕೀಲಿನ ಕಡೆಗೆ. ಚಾಚು ಮುಟ್ಟಲಾರದ ಜಾಗದಲ್ಲಿ. ಬಾಗಿಲ ಚಿಲಕ ಒಳಗಿನಿಂದ ಹಾಕಿದ್ದರೂ ಕಳ್ಳ ಹೊರಗಿನವನೆಂದು ಹಟ ಹಿಡಿದರೆ ಹೇಗೆ?

ಮೂರು ಬಗೆಗಳ ಗುರುತಿನಲ್ಲೇ ತಜ್ಞರು ತಮ್ಮತಮ್ಮಲ್ಲಿ ಒಪ್ಪುವುದಿಲ್ಲ ಎಂಬುದೂ 1990ರ ದಶಕದಲ್ಲೇ ಬಯಲಾಯಿತು. ಒಂದೇ ಎಕ್ಸ್‌ರೇಯನ್ನು ಒಬ್ಬರು ಎರಡನೇ ಬಗೆ ಎಂದರೆ ಇನ್ನೊಬ್ಬರು ಮೂರನೆಯದು ಎಂದರು. ರೋಗಿ ನಿಂತ ಕೋನ ಕೊಂಚ ವಾಲಿದರೂ ಬಾಗು ಕೊಕ್ಕೆಯಾಗಿ ಕಾಣಬಲ್ಲದು.

ಆದರೂ ಕೆತ್ತುವ ಕೆಲಸ ಭರದಿಂದ ಸಾಗಿತ್ತು. ಕೀಲಿನೊಳಗೆ ಸಣ್ಣ ಕ್ಯಾಮೆರಾ ಇಳಿಸುವ ಆರ್ಥೊಸ್ಕೋಪಿ ಬಂದ ಮೇಲೆ ಅದು ಎರಡು ಮೂರು ತೂತಿನ, ಅದೇ ದಿನ ಮನೆಗೆ ಕಳಿಸುವ ಶಸ್ತ್ರಚಿಕಿತ್ಸೆಯಾಯಿತು. ನ್ಯೂಯಾರ್ಕ್ ರಾಜ್ಯವೊಂದರಲ್ಲೇ 1996ರಲ್ಲಿ 5,571 ಇದ್ದದ್ದು 2006ಕ್ಕೆ 19,743 ಆಯಿತು. ಮಾಡಿಸಿಕೊಂಡ ಬಹಳ ಮಂದಿಗೆ ನೋವು ಕಡಿಮೆಯೂ ಆಯಿತು. ತೊಂದರೆ ಇರುವುದೇ ಅಲ್ಲಿ. ನೋವು ಕಡಿಮೆಯಾದದ್ದು ಕೆತ್ತಿದ್ದರಿಂದ ಎಂದು ಹೇಗೆ ಗೊತ್ತು?

ಗೊತ್ತುಮಾಡಿಕೊಳ್ಳಲು ಬ್ರಿಟನ್ನಿನ 32 ಆಸ್ಪತ್ರೆಗಳು ಸೇರಿ, ಆಕ್ಸ್‌ಫರ್ಡಿನ ತಂಡದ ಮುಂದಾಳತ್ವದಲ್ಲಿ ಒಂದು ಪರೀಕ್ಷೆಗೆ ಇಳಿದವು. 313 ರೋಗಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪಿಗೆ ಹಂಚಿದರು. ಒಂದು ಗುಂಪಿಗೆ ಮೂಳೆ ಕೆತ್ತಿದರು. ಇನ್ನೊಂದಕ್ಕೆ ಅರಿವಳಿಕೆ, ತೂತು, ಕ್ಯಾಮೆರಾ ಎಲ್ಲವೂ ಆಯಿತು, ಮೂಳೆಯನ್ನು ಮಾತ್ರ ಮುಟ್ಟಲಿಲ್ಲ. ತಮಗೆ ಯಾವುದು ಆಯಿತೆಂದು ರೋಗಿಗಳಿಗೆ ಹೇಳಲೂ ಇಲ್ಲ. ಮೂರನೆಯ ಗುಂಪಿಗೆ ಏನೂ ಮಾಡಲಿಲ್ಲ. ಆರು ತಿಂಗಳ ನಂತರ 48 ಅಂಕಗಳ ಅಳತೆಗೋಲಿನಲ್ಲಿ, ಹೆಚ್ಚು ಅಂಕವಿದ್ದಷ್ಟೂ ಹೆಗಲು ಚೆನ್ನಾಗಿದೆ ಎಂಬ ಲೆಕ್ಕದಲ್ಲಿ, ಕೆತ್ತಿದವರಿಗೆ 32.7, ಸುಮ್ಮನೆ ತೂತು ಕೊರೆದವರಿಗೆ 34.2, ಏನೂ ಮಾಡದವರಿಗೆ 29.4. ಕೆತ್ತಿದ್ದಕ್ಕೂ ಕೆತ್ತಿದಂತೆ ಮಾಡಿದ್ದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಏನೂ ಮಾಡದವರಿಗಿಂತ ಎರಡೂ ಗುಂಪಿನವರು ತುಸು ಮೇಲು, ಆದರೆ ಅದೂ ರೋಗಿಗೆ ಅನುಭವಕ್ಕೆ ಬರುವಷ್ಟಲ್ಲ. 2018ರಲ್ಲಿ ಇದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಯಿತು. ಅದೇ ವರ್ಷ ಫಿನ್ಲೆಂಡಿನ 210 ರೋಗಿಗಳ ಪರೀಕ್ಷೆಯಲ್ಲೂ ಸೋಗಿನ ಶಸ್ತ್ರಚಿಕಿತ್ಸೆಗಿಂತ ಅಸಲಿಯದು ಮೇಲೆಂದು ಕಾಣಲಿಲ್ಲ. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ತಜ್ಞರ ಸಮಿತಿ, ಇಂಪಿಂಜ್‌ಮೆಂಟ್ ಎಂದು ಕರೆಯುವ ನೋವಿಗೆ ಈ ಶಸ್ತ್ರಚಿಕಿತ್ಸೆ ಬೇಡ ಎಂದು ಖಂಡಿತವಾಗಿ ಶಿಫಾರಸು ಮಾಡಿತು.

ಹಾಗಾದರೆ ಮೂಳೆಯ ಆಕಾರಕ್ಕೂ ಹೆಗಲಿನ ಕಷ್ಟಕ್ಕೂ ನಂಟೇ ಇಲ್ಲವೇ? ಇದೆ. ಕೆಳಗೆ ಎಷ್ಟು ಬಾಗಿದೆ ಎನ್ನುವುದಕ್ಕಿಂತ ಹೊರಕ್ಕೆ ಎಷ್ಟು ಚಾಚಿದೆ ಎನ್ನುವುದರಲ್ಲಿ ಹೆಚ್ಚು ಇದ್ದಂತಿದೆ. ಜ್ಯೂರಿಕ್‌ನ ಸಂಶೋಧಕರು 2013ರಲ್ಲಿ ಎಕ್ಸ್‌ರೇ ಮೇಲೆ ಎರಡು ಗೆರೆ ಎಳೆದರು. ಒಂದು ಗ್ಲೀನಾಯ್ಡ್ ಕುಳಿಯ ಕೆಳತುದಿಯಿಂದ ಮೇಲ್ತುದಿಗೆ, ಇನ್ನೊಂದು ಅದೇ ಕೆಳತುದಿಯಿಂದ ಅಕ್ರೋಮಿಯನ್ನಿನ ಹೊರ ಅಂಚಿಗೆ. ನಡುವಿನ ಕೋನ ಆರೋಗ್ಯವಂತ ಹೆಗಲುಗಳಲ್ಲಿ ಸರಾಸರಿ 33 ಡಿಗ್ರಿ. ಸ್ನಾಯುರಜ್ಜು ಹರಿದವರಲ್ಲಿ 38. ಕೀಲು ಸವೆದು ಸಂಧಿವಾತ ಬಂದವರಲ್ಲಿ 28. ಹೊರಕ್ಕೆ ಹೆಚ್ಚು ಚಾಚಿದ್ದರೆ ಒಂದು ಕಾಯಿಲೆ, ಕಡಿಮೆ ಚಾಚಿದ್ದರೆ ಇನ್ನೊಂದು!

ಇದರ ಹಿಂದಿರುವುದು ಉಜ್ಜಾಟವಲ್ಲ, ಎಳೆತದ ದಿಕ್ಕು. ತೋಳನ್ನು ಎತ್ತುವ ದೊಡ್ಡ ಸ್ನಾಯು ಡೆಲ್ಟಾಯ್ಡ್ ಹೊರಡುವುದೇ ಅಕ್ರೋಮಿಯನ್ನಿನ ಅಂಚಿನಿಂದ. ಅಂಚು ಹೊರಕ್ಕಿದ್ದಷ್ಟೂ ಅದರ ಎಳೆತ ನೇರ ಮೇಲ್ಮುಖ. ತೋಳಿನ ತಲೆ ಕುಳಿಯಿಂದ ಮೇಲಕ್ಕೆ ಜಾರಲು ನೋಡುತ್ತದೆ. ಜಾರದಂತೆ ಹಿಡಿದಿಡುವ ಹೊರೆ ಸುಪ್ರಾಸ್ಪೈನೇಟಸ್ ಮೇಲೆ. ಅಂಚು ಒಳಕ್ಕಿದ್ದರೆ ಎಳೆತ ಓರೆಯಾಗಿ ತಲೆಯನ್ನು ಕುಳಿಗೇ ಒತ್ತುತ್ತದೆ. ಸ್ನಾಯುರಜ್ಜು ನಿರಾಳ, ಮೃದ್ವಸ್ಥಿ ಸವೆತ. ಇದು ಸರಾಸರಿಗಳ ಮಾತು ಎಂಬುದನ್ನು ಮರೆಯಬಾರದು. 38 ಡಿಗ್ರಿ ಇಟ್ಟುಕೊಂಡು ಎಂಬತ್ತರವರೆಗೆ ತೊಂದರೆಯಿಲ್ಲದೆ ಬದುಕಿದವರೂ, 31ರಲ್ಲೇ ಹರಿದುಕೊಂಡವರೂ ಇದ್ದಾರೆ; ಗುಂಪುಗಳ ಅಳತೆಗಳು ಒಂದರ ಮೇಲೊಂದು ಹಾಯುತ್ತವೆ. ಒಬ್ಬರ ಕೋನ ನೋಡಿ ಭವಿಷ್ಯ ಹೇಳುವುದು ಜ್ಯೋತಿಷ್ಯಕ್ಕೆ ಹತ್ತಿರ.

ಇಷ್ಟಕ್ಕೂ ಹರಿದದ್ದೆಲ್ಲ ನೋಯುವುದಿಲ್ಲ. ಜಪಾನಿನ ಒಂದು ಹಳ್ಳಿಯಲ್ಲಿ ಆಸ್ಪತ್ರೆಗೆ ಬಂದವರನ್ನಲ್ಲ, ಊರಿನ 664 ಮಂದಿಯನ್ನು ಅಲ್ಟ್ರಾಸೌಂಡಿನಲ್ಲಿ ನೋಡಿ 2013ರಲ್ಲಿ ವರದಿ ಮಾಡಿದರು. ಸುಮಾರು ಶೇ 22 ಜನರ ರೊಟೇಟರ್ ಕಫ್ ಪೂರ್ತಿ ಹರಿದಿತ್ತು. ಐವತ್ತರ ಒಳಗಿನವರಲ್ಲಿ ಒಬ್ಬರಲ್ಲೂ ಇಲ್ಲ, ಎಪ್ಪತ್ತರ ದಶಕದವರಲ್ಲಿ ನಾಲ್ಕರಲ್ಲಿ ಒಬ್ಬರಿಗಿಂತ ಹೆಚ್ಚು, ಎಂಬತ್ತು ದಾಟಿದವರಲ್ಲಿ ಮೂರರಲ್ಲಿ ಒಬ್ಬರಿಗಿಂತ ಹೆಚ್ಚು. ಹರಿದವರಲ್ಲಿ ಮೂರರಲ್ಲಿ ಇಬ್ಬರಿಗೆ ಯಾವ ತೊಂದರೆಯೂ ಇರಲಿಲ್ಲ! ಹೀಗಿರುವಾಗ ಎಂಆರ್‌ಐಯಲ್ಲಿ ಕಂಡ ಹರುಕನ್ನಾಗಲಿ ಎಕ್ಸ್‌ರೇಯಲ್ಲಿ ಕಂಡ ಕೊಕ್ಕೆಯನ್ನಾಗಲಿ ನೋವಿನ ಪಕ್ಕ ಇಟ್ಟು ಗೆರೆ ಎಳೆದುಬಿಡುವುದು ಅವಸರದ ಕೆಲಸ. ದಂಡಿಗನಹಳ್ಳಿಯಂಥ ಒಂದು ಹೋಬಳಿಯನ್ನು ಮನೆಮನೆಗೂ ಹೋಗಿ ಹೀಗೆ ನೋಡಿದರೆ, ಜೊತೆಗೆ ಯಾರು ಎಷ್ಟು ವರ್ಷ ಗಳ ಹಿಡಿದರು, ಯಾರು ಬ್ಯಾರನ್ ತುಂಬಿದರು ಎಂದೂ ಬರೆದುಕೊಂಡರೆ, ಪೆಟ್ಟಿಗೆಯ ಒಣಮೂಳೆ ಹೇಳದ ಬಹಳಷ್ಟು ಸಂಗತಿ ಸಿಗುತ್ತದೆ ಎಂಬುದು ನನ್ನ ಆಸೆ.

ಏಕೆಂದರೆ ಕೆಲಸದ ಪಾಲು ದೊಡ್ಡದು. ಬರಿಗೈಯನ್ನು ಪಕ್ಕಕ್ಕೆ ಹೆಗಲ ಮಟ್ಟಕ್ಕೆ ಎತ್ತಿದರೆ ಕೀಲಿನ ಮೇಲೆ ಬೀಳುವ ಒತ್ತಡ ದೇಹತೂಕದ ಸುಮಾರು ಶೇ 90 ಎಂದು 1978ರಲ್ಲೇ ಲೆಕ್ಕ ಹಾಕಿದ್ದರು. ಬರಿಗೈ! ತೋಳು ಉದ್ದ, ಅದನ್ನು ಎತ್ತುವ ಸ್ನಾಯುಗಳು ಕೀಲಿಗೆ ಎರಡು ಮೂರು ಸೆಂಟಿಮೀಟರ್ ದೂರದಲ್ಲೇ ಎಳೆಯಬೇಕು. ಸಣ್ಣ ತೂಕಕ್ಕೆ ದೊಡ್ಡ ಬೆಲೆ ತೆರಬೇಕಾಗುವುದು ಹೀಗೆ. ತುದಿಯಲ್ಲಿ ಕುಡುಗೋಲಿರುವ ಗಳವನ್ನು ಅದಕ್ಕೆ ಸೇರಿಸಿ. ಡೋಲಿಯವರ ಕಷ್ಟ ಬೇರೆ ಜಾತಿಯದು. ಕೆಜಿಗಟ್ಟಲೆ ಭಾರ ಹೆಗಲ ಮೇಲಿದ್ದರೂ ಅವರ ತೋಳು ಹೆಚ್ಚು ಮೇಲೇಳುವುದಿಲ್ಲ. ಏಟು ಬೀಳುವುದು ಕಾಲರ್ ಬೋನ್ ಬಂದು ಅಕ್ರೋಮಿಯನ್ನಿಗೆ ಕೂಡುವ ಸಣ್ಣ ಕೀಲಿಗೆ, ಕತ್ತಿಗೆ, ಇಳಿಯುವಾಗ ಮಂಡಿಗೆ. ನೋಡಲು ಹಗುರವಾದ ಗಳದ ಕೆಲಸವೇ ಸುಪ್ರಾಸ್ಪೈನೇಟಸ್‌ಗೆ ಹೆಚ್ಚು ಕಠಿಣ. ಡೆನ್ಮಾರ್ಕಿನಲ್ಲಿ ಕಾರು ಮೆಕ್ಯಾನಿಕ್‌ಗಳು, ಯಂತ್ರ ಕೆಲಸಗಾರರು ಮತ್ತು ಮನೆಗೆ ಬಣ್ಣ ಹೊಡೆಯುವವರ ಹೆಗಲುಗಳನ್ನು ಎಂಆರ್‌ಐಯಲ್ಲಿ ನೋಡಿ 2004ರಲ್ಲಿ ಹೇಳಿದ್ದೂ ಇದನ್ನೇ: ಬದುಕಿನಲ್ಲಿ ಎಷ್ಟು ಹೊತ್ತು ತೋಳು ಹೆಗಲ ಮಟ್ಟಕ್ಕಿಂತ ಮೇಲಿತ್ತೋ ಅದಕ್ಕೆ ತಕ್ಕಂತೆ ಈ ಸ್ನಾಯುರಜ್ಜಿನ ಹದಗೆಡುವಿಕೆ.

ಹೆಸರಿನಲ್ಲೇ ಅರಸೀಕೆರೆ ತಾಲ್ಲೂಕಿನ ಜಾವಗಲ್ಲನ್ನು ಇಟ್ಟುಕೊಂಡಿರುವ ಕ್ರಿಕೆಟಿಗ ಶ್ರೀನಾಥ್ ಅವರ ಹೆಗಲು ಹಾಸನ ಜಿಲ್ಲೆಯ ಅತಿ ಪ್ರಸಿದ್ಧ ಹೆಗಲು ಎಂದರೆ ತಪ್ಪಾಗದು. 1997ರಲ್ಲಿ ವೆಸ್ಟ್ ಇಂಡೀಸ್ ಪ್ರವಾಸದ ಹೊತ್ತಿಗೆ ಅವರ ರೊಟೇಟರ್ ಕಫ್ ಕೈಕೊಟ್ಟಿತು. ಬ್ರಿಜ್‌ಟೌನ್‌ನಲ್ಲಿ 120 ರನ್ ಬೆನ್ನಟ್ಟಿ ಭಾರತ 81ಕ್ಕೆ ಆಲೌಟಾದ ಆ ಕಹಿ ಟೆಸ್ಟಿನಲ್ಲಿ ಅವರಿರಲಿಲ್ಲ. ಶಸ್ತ್ರಚಿಕಿತ್ಸೆಯ ನಂತರ ವರ್ಷದ ಕೊನೆಯ ಹೊತ್ತಿಗೆ ಮರಳಿದರು. ವೇಗದ ಬೌಲರ್‌ಗೆ ಹೆಗಲು ಕೆಟ್ಟರೆ ಮುಗಿಯಿತು ಎಂದುಕೊಂಡವರಿಗೆ 1999ರ ಫೆಬ್ರವರಿಯಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ಎದುರು ಒಂದೇ ಇನಿಂಗ್ಸ್‌ನಲ್ಲಿ 86ಕ್ಕೆ 8 ವಿಕೆಟ್ ಕಿತ್ತು ಉತ್ತರ ಕೊಟ್ಟರು. 2003ರವರೆಗೂ ಆಡಿ 236 ಟೆಸ್ಟ್ ವಿಕೆಟ್ ಪಡೆದರು. ತೋಳನ್ನು ಸಾವಿರಾರು ಸಲ ತಲೆಯ ಮೇಲಿಂದ ಬೀಸಿದ ಹೆಗಲಿಗೆ ಏಟಾದಾಗ ಅಲ್ಲಿ ಯಾರೂ ಮೊದಲು ಕೇಳುವುದು 'ಮೂಳೆ ಯಾವ ಬಗೆ' ಎಂದಲ್ಲ, 'ಎಷ್ಟು ಓವರ್ ಹಾಕಿಸಿದಿರಿ' ಎಂದು. ತೋಟದವನಿಗೂ ಅದೇ ಪ್ರಶ್ನೆ ಯಾಕೆ ಸಿಗಬಾರದು?

ಕ್ರೀಡಾಪಟುಗಳ ಹೆಗಲು ಇನ್ನೊಂದು ಸೋಜಿಗವನ್ನೂ ತೋರಿಸಿಕೊಟ್ಟಿದೆ. ಮೂಳೆ ಕೆಲಸವನ್ನು ಕೆಡಿಸುತ್ತದೆ ಎಂದು ನಾವು ದೂರುತ್ತಿದ್ದರೆ, ಕೆಲಸವೇ ಮೂಳೆಯನ್ನು ತಿದ್ದುತ್ತಿರುತ್ತದೆ. ಹುಟ್ಟುವಾಗ ತೋಳಿನ ಮೂಳೆ ತನ್ನ ಅಕ್ಷದ ಮೇಲೆ ಹಿಮ್ಮುಖವಾಗಿ ಬಹಳ ತಿರುಚಿಕೊಂಡಿರುತ್ತದೆ; ಬೆಳೆಯುತ್ತ ತಿರುಚು ಬಿಚ್ಚಿಕೊಳ್ಳುತ್ತದೆ. ಎಳೆವಯಸ್ಸಿನಿಂದ ಬೇಸ್‌ಬಾಲ್ ಎಸೆದವರಲ್ಲಿ, ಎಸೆಯುವ ಕೈಯ ತಿರುಚು ಇನ್ನೊಂದು ಕೈಯದಷ್ಟು ಬಿಚ್ಚಿಕೊಂಡಿರುವುದಿಲ್ಲ. ಬೆಳವಣಿಗೆಯ ಫಲಕ ಇನ್ನೂ ಮುಚ್ಚದ ವಯಸ್ಸಿನಲ್ಲಿ ಎಸೆತದ ಸೆಳೆತಕ್ಕೆ ಮೂಳೆ ಒಗ್ಗಿಕೊಂಡ ರೀತಿ ಅದು. ಅದರಿಂದ ಕೈ ಇನ್ನಷ್ಟು ಹಿಂದಕ್ಕೆ ಬಾಗುತ್ತದೆ, ಎಸೆತಕ್ಕೆ ವೇಗ ಸಿಗುತ್ತದೆ. ಅಕ್ರೋಮಿಯನ್ ಕೂಡ ಹುಟ್ಟುವಾಗ ಒಂದೇ ತುಂಡಲ್ಲ. ಬೇರೆ ಬೇರೆ ಬಿಂದುಗಳಲ್ಲಿ ಮೂಳೆಗಟ್ಟಿ, ಇಪ್ಪತ್ತರ ಆಸುಪಾಸಿನಲ್ಲಿ ಬೆಸೆದುಕೊಳ್ಳುತ್ತದೆ. 1545ರಲ್ಲಿ ಮುಳುಗಿ 1982ರಲ್ಲಿ ಮೇಲಕ್ಕೆತ್ತಿದ ಇಂಗ್ಲೆಂಡಿನ ಯುದ್ಧನೌಕೆ ಮೇರಿ ರೋಸ್‌ನಲ್ಲಿ ಸಿಕ್ಕ ಅಸ್ಥಿಪಂಜರಗಳಲ್ಲಿ ಈ ಬೆಸುಗೆ ಕೂಡದೆ ಉಳಿದ ಹೆಗಲುಗಳು ವಾಡಿಕೆಗಿಂತ ಹೆಚ್ಚಾಗಿದ್ದವು. ಹುಡುಗರಾಗಿದ್ದಾಗಿನಿಂದ ಭಾರಿ ಬಿಲ್ಲು ಸೆಳೆದವರ ಹೆಗಲು ಅವು ಎಂದು ಸಂಶೋಧಕರು ಊಹಿಸಿದರು. ಹದಿನಾಲ್ಕರಲ್ಲೇ ಗಳ ಹಿಡಿದ ಹುಡುಗನ ಹೆಗಲೂ ಹೀಗೆಯೇ ತನ್ನದೊಂದು ಚರಿತ್ರೆಯನ್ನು ಬರೆದುಕೊಳ್ಳುತ್ತಿರಬಹುದು.

ನಮ್ಮ ಕಡೆ ಹೆಗಲು ನೋವೆಂದು ಬರುವವರಲ್ಲಿ ಮೂಳೆಯ ಆಕಾರಕ್ಕೆ ಏನೂ ಸಂಬಂಧವಿಲ್ಲದ ಒಂದು ದೊಡ್ಡ ಗುಂಪಿದೆ: ಸಕ್ಕರೆ ಕಾಯಿಲೆಯವರು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಇವರ ಸಂಖ್ಯೆ 10 ಕೋಟಿ ದಾಟಿದೆ. ಕೀಲನ್ನು ಸುತ್ತಿದ ಪೊರೆ ದಪ್ಪಗಾಗಿ ಬಿಗಿದುಕೊಳ್ಳುವ ಫ್ರೋಜನ್ ಶೋಲ್ಡರ್ ಇವರಿಗೆ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು ಬರುತ್ತದೆ. ಗುರುತು ಸರಳ. ಮೊಣಕೈಯನ್ನು ಪಕ್ಕೆಗೆ ಅಂಟಿಸಿಕೊಂಡು ಮುಂಗೈಯನ್ನು ಹೊರಕ್ಕೆ ತಿರುಗಿಸಿ. ನೀವು ತಿರುಗಿಸಿದರೂ ಬಾರದು, ಇನ್ನೊಬ್ಬರು ಹಿಡಿದು ತಿರುಗಿಸಿದರೂ ಬಾರದು ಎಂದಾದರೆ ಅನುಮಾನ ಅದರ ಮೇಲೆ. ಎಕ್ಸ್‌ರೇ ನಿರ್ಮಲವಾಗಿರುತ್ತದೆ. ವರದಿಯಲ್ಲಿ ಕೊಕ್ಕೆ ಎಂದು ಬರೆದಿದ್ದರೆ ಆ ಪಾಪದ ಮೂಳೆಗೆ ಇಲ್ಲಿಯೂ ಬೈಗುಳ. ಮಾಡಬೇಕಾದ್ದು ಸಕ್ಕರೆ ಪರೀಕ್ಷೆ. ಈ ಬಿಗಿತ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಕ್ಕೂ ಮೀರಿ ಕಾಡಿ ನಿಧಾನವಾಗಿ ಸಡಿಲವಾಗುತ್ತದೆ. ಎಡ ಹೆಗಲಿನ ನೋವಿನ ಜೊತೆ ಎದೆ ಬಿಗಿತವೂ ಬೆವರೂ ಬಂದರೆ ಮಾತ್ರ ಇದಾವ ಲೆಕ್ಕವನ್ನೂ ಹಾಕದೆ ಆಸ್ಪತ್ರೆಗೆ ಓಡಬೇಕು. ಅದು ಹೃದಯದ ಕರೆಯಿರಬಹುದು.

ಸ್ನಾಯುರಜ್ಜಿನ ಮಾಮೂಲಿ ನೋವಿಗೆ ಈಗ ಮೊದಲ ಮದ್ದು ವ್ಯಾಯಾಮ. ಹೆಗಲಮೂಳೆಯನ್ನು ಹಿಡಿದಿಡುವ ಸ್ನಾಯುಗಳಿಗೂ ರೊಟೇಟರ್ ಕಫ್‌ಗೂ ಸ್ವಲ್ಪ ಸ್ವಲ್ಪವೇ ಭಾರ ಏರಿಸುತ್ತ ವಾರಗಟ್ಟಲೆ ಮಾಡುವಂಥದ್ದು. ಕೈ ಮೇಲೇಳುವಾಗ ಮೂರರಲ್ಲೊಂದು ಪಾಲು ಚಲನೆ ಹೆಗಲಮೂಳೆಯದೇ. ಅದು ಸರಿಯಾಗಿ ತಿರುಗಿಕೊಟ್ಟರೆ ಕೊಕ್ಕೆಯಿದ್ದರೂ ಸಂದಿಗೆ ಜಾಗ ಸಿಗುತ್ತದೆ. ಕೂಲಿಯವನಿಗೆ ವಿಶ್ರಾಂತಿ ತಗೋ ಎನ್ನುವುದು ಸುಲಭ, ಅವನು ತಗೊಳ್ಳುವುದು ಕಷ್ಟ. ಗಳ ಹಿಡಿಯುವವನೂ ಕಾಯಿ ಆಯುವವನೂ ಗಂಟೆಗೊಮ್ಮೆ ಕೆಲಸ ಬದಲಿಸಿಕೊಂಡರೆ ಅದೇ ಅರ್ಧ ಚಿಕಿತ್ಸೆ. ಮರದಿಂದಲೋ ಅಟ್ಟದಿಂದಲೋ ಬಿದ್ದು, ಆ ಕ್ಷಣದಿಂದ ಕೈ ಎತ್ತಲಾಗದೆ ಹೋದರೆ ಮಾತ್ರ ಕತೆ ಬೇರೆ. ಅದು ದಿಢೀರ್ ಹರುಕು; ತಿಂಗಳುಗಟ್ಟಲೆ ಎಣ್ಣೆ ತಿಕ್ಕುತ್ತ ಕಾದರೆ ಸ್ನಾಯು ಹಿಂದಕ್ಕೆ ಸರಿದು, ಕೊಬ್ಬಾಗಿ ಮಾರ್ಪಟ್ಟು, ಹೊಲಿಯಲು ಬಾರದಂತಾಗುತ್ತದೆ.

ಇನ್ನು, ಮೂಳೆಯ ಆಕಾರವೇ ನಿಜವಾಗಿ ತೀರ್ಪು ಕೊಡುವ ಒಂದು ಜಾಗವಿದೆ. ಅದು ಹೊನಲು ಬೆಳಕಿನ ಕಬಡ್ಡಿ ಅಂಕಣ. ದಾಳಿ ಮಾಡಿದವನ ಚಾಚಿದ ಕೈಯನ್ನು ಹಿಂದಕ್ಕೆಳೆದು ನಾಲ್ಕು ಜನ ಮೇಲೆ ಬಿದ್ದಾಗ ತೋಳಿನ ತಲೆ ಕುಳಿಯಿಂದ ಮುಂದಕ್ಕೆ ಕಳಚಿಕೊಳ್ಳುತ್ತದೆ. ಅಮೆರಿಕದ ಸೇನಾ ಅಕಾಡೆಮಿಯ ಕೆಡೆಟ್‌ಗಳನ್ನು ಮೊದಲೇ ಸ್ಕ್ಯಾನ್ ಮಾಡಿಟ್ಟುಕೊಂಡು ವರ್ಷಗಳ ಕಾಲ ಗಮನಿಸಿದವರು, ಕುಳಿ ಎತ್ತರವಾಗಿ ಕಿರಿದಾಗಿದ್ದವರಿಗೆ ಹೀಗೆ ಕಳಚುವ ಅಪಾಯ ಹೆಚ್ಚೆಂದು ಕಂಡುಕೊಂಡರು. ಅದಕ್ಕಿಂತ ಮುಖ್ಯ, ಕಳಚುವಾಗ ಕುಳಿಯ ಮುಂದಿನ ಅಂಚು ಚೂರಾಗಿ ಒಡೆಯಬಹುದು, ತೋಳಿನ ತಲೆಯ ಹಿಂಬದಿಯಲ್ಲಿ ತಗ್ಗು ಬೀಳಬಹುದು. ಊರಿನಲ್ಲಿ ಯಾರೋ ಎಳೆದು ಕೂರಿಸಿ, ಪುತ್ತೂರು ಕಟ್ಟು ಹಾಕಿಸಿಕೊಂಡು ಬಂದ ಹುಡುಗ ಮುಂದಿನ ಜಾತ್ರೆಗೆ ಮತ್ತೆ ಅಂಕಣಕ್ಕಿಳಿಯುತ್ತಾನೆ. ಇಪ್ಪತ್ತರ ಒಳಗಿನವರಲ್ಲಿ ಬಹುಪಾಲು ಮಂದಿಗೆ ಅದು ಮರುಕಳಿಸುತ್ತದೆ. ಪ್ರತಿ ಸಲವೂ ಅಂಚು ಇನ್ನಷ್ಟು ಸವೆಯುತ್ತದೆ, ಕೊನೆಗೆ ಅಂಗಿ ತೊಡುವಾಗಲೂ ಕಳಚುವ ಮಟ್ಟಕ್ಕೆ ಬರುತ್ತದೆ.

ಶಸ್ತ್ರವೈದ್ಯರಾದ ಸ್ಟೀಫನ್ ಬರ್ಕ್‌ಹಾರ್ಟ್ ಮತ್ತು ದಕ್ಷಿಣ ಆಫ್ರಿಕಾದ ಜೋ ಡಿ ಬೀರ್ 2000ದಲ್ಲಿ, ಹೀಗೆ ಕಳಚಿದ ಹೆಗಲುಗಳಿಗೆ ತಾವು ಮಾಡಿದ 194 ಶಸ್ತ್ರಚಿಕಿತ್ಸೆಗಳ ಲೆಕ್ಕ ಕೊಟ್ಟರು. ಕಳಚುವಾಗ ಹರಿದ ಕಟ್ಟುನಾರನ್ನು ಹೊಲಿದ ಮೇಲೆ, ಮೂಳೆ ಹೆಚ್ಚು ಕಳೆದುಕೊಂಡಿರದವರಲ್ಲಿ ಶೇ 4 ಮಂದಿಗೆ ಮಾತ್ರ ಹೆಗಲು ಮತ್ತೆ ಕಳಚಿತು. ಮೂಳೆ ಗಣನೀಯವಾಗಿ ಹೋಗಿದ್ದವರಲ್ಲಿ ಶೇ 67 ಮಂದಿಗೆ. ಗ್ಲೀನಾಯ್ಡ್‌ನ ಅಗಲವೇ ಎರಡೂವರೆ ಸೆಂಟಿಮೀಟರ್ ಆಸುಪಾಸು. ಅದರಲ್ಲಿ ಐದಾರು ಮಿಲಿಮೀಟರ್ ಹೋದರೆ ಬರೀ ಹೊಲಿಗೆ ನಿಲ್ಲುವುದು ಕಷ್ಟ. ಆಗ ಶಸ್ತ್ರವೈದ್ಯರು ಹೆಗಲಮೂಳೆಯ ಇನ್ನೊಂದು ಚಾಚಾದ ಕೊರಕಾಯ್ಡ್‌ನ ತುದಿಯನ್ನು, ಅದಕ್ಕೆ ಅಂಟಿದ ಸ್ನಾಯುವಿನ ಸಮೇತ ಕತ್ತರಿಸಿ, ಕುಳಿಯ ಮುಂದಿನ ಅಂಚಿಗೆ ಸ್ಕ್ರೂ ಹಾಕಿ ಕೂರಿಸುತ್ತಾರೆ. ಫ್ರಾನ್ಸಿನ ಮಿಷೆಲ್ ಲಟಾರ್ಜೆ 1954ರಲ್ಲಿ ವಿವರಿಸಿದ ವಿಧಾನವಿದು. ಹಾಗಾಗಿ ಎರಡನೇ ಸಲ ಭುಜ ಕಳಚಿಕೊಂಡ ಕಬಡ್ಡಿ ಹುಡುಗ ಬರೀ ಎಕ್ಸ್‌ರೇ ಹಿಡಿದು ವಾಪಸ್ ಬರಬಾರದು. ಸಿಟಿ ಸ್ಕ್ಯಾನ್‌ನಲ್ಲಿ ಕುಳಿಯ ಅಂಚು ಎಷ್ಟು ಮಿಲಿಮೀಟರ್ ಉಳಿದಿದೆ ಎಂದು ಕೇಳಬೇಕು.